ಚಿತ್ರಕಥೆಗೆ ಧ್ವನಿ ಬಂದಾಗ

ಜಪಾನು ದೇಶದ ಬೊಂಬೆ ಚಿತ್ರವೊಂದರ ವಿಷಯವಾಗಿ ಈ ಅಂಕಣದಲ್ಲಿ ಬರೆಯಹೊರಟಿರುವುದನ್ನು ಕಂಡು ನಮ್ಮ ಹಿರಿಯ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಸಂಬಳ, ಬೋನಸ್ಸು, ಕೊಠಡಿಯ ಬಾಡಿಗೆ, ಊರಿಗೆ ಹೋಗುವ ರೈಲು, ಮಕ್ಕಳ ಕನ್ನಡ ಕಲಿಕೆ, ಇವುಗಳನ್ನೆಲ್ಲ ಬಿಟ್ಟು ಇದೇನು ಮಕ್ಕಳಾಟಿಕೆ ಎಂದು ಅವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಆದರೆ ಮಣಲಿಯ ಹೋಟೆಲುಗಳಲ್ಲಿ ರಾತ್ರಿ ಕೊನೆಯ ಗಿರಾಕಿಯನ್ನು ಕಳುಹಿಸಿ, ಗಲ್ಲಾ ಮುಚ್ಚಿ, ಮೇಜು ಒರಸಿ, ಮಾಳಿಗೆಯ ಕೊಠಡಿಗೆ ಏರಿದ ಹುಡುಗರು ನಿದ್ರೆಗೆ ಮುನ್ನ ಅರ್ಧ ಗಂಟೆ ಏನನ್ನು ಓದುವರು, ಏನನ್ನು ನೋಡುವರು ಎಂಬುದನ್ನು ಅರಿಯದವನು ಅವರಿಗಾಗಿ ಪತ್ರಿಕೆಯನ್ನು ನಡೆಸಲಾರನು. ಅವರ ಕೈಯಲ್ಲಿರುವ ಫೋನಿನಲ್ಲಿ ಇಂದು ಜಪಾನಿನ ಚಿತ್ರಕಥೆಗಳು ಬಂದು ಕುಳಿತಿವೆ. ಅದು ಒಳ್ಳೆಯದೋ ಕೆಟ್ಟುದೋ ಎಂದು ತೀರ್ಪು ಕೊಡುವ ಮೊದಲು ಅದು ಏನೆಂದಾದರೂ ನೋಡಬೇಕಲ್ಲವೆ?

ಚಿತ್ರದ ಹೆಸರು ‘ಡೀಮನ್ ಸ್ಲೇಯರ್: ಇನ್‌ಫಿನಿಟಿ ಕ್ಯಾಸಲ್’. ರಕ್ಕಸರನ್ನು ಸಂಹರಿಸುವ ಖಡ್ಗಧಾರಿಗಳು ಕೊನೆಮೊದಲಿಲ್ಲದ ಕೋಟೆಯೊಂದರಲ್ಲಿ ನಡೆಸುವ ಕಾಳಗವೇ ಅದರ ವಸ್ತು. ಜಪಾನಿನಲ್ಲಿ 2025ರ ಜುಲೈ 18ರಂದು ತೆರೆ ಕಂಡ ಈ ಚಿತ್ರ ಅದೇ ವರ್ಷ ಸೆಪ್ಟೆಂಬರ್ 12ರಂದು ಭಾರತಕ್ಕೆ ಬಂದಿತು. ಹಾರುವೊ ಸೊತೊಜಾಕಿ ಎಂಬವರು ನಿರ್ದೇಶಿಸಿ, ಯುಫೋಟೇಬಲ್ ಎಂಬ ಸಂಸ್ಥೆಯವರು ತಯಾರಿಸಿದ ಇದು ಮೂರು ಭಾಗಗಳೆಂದು ಸಾರಲಾದ ಕಥೆಯ ಮೊದಲನೆಯ ಭಾಗ. 155 ನಿಮಿಷಗಳಷ್ಟು ದೀರ್ಘವಾದುದು. ಇದಕ್ಕೆ ಮೂಲವಾದುದು ಕೊಯೊಹಾರು ಗೊತೋಗೆ ಎಂಬ ಹೆಸರಿನಿಂದ ಬರೆಯುವ ಚಿತ್ರಕಾರರ ಚಿತ್ರಕಥೆ. ಇಂತಹ ಪುಸ್ತಕವನ್ನು ಜಪಾನೀಯರು ಮಾಂಗಾ ಎನ್ನುವರು. ಚಲಿಸುವ ಚಿತ್ರವನ್ನು ಅನಿಮೆ ಎನ್ನುವರು. ಅಲ್ಲಿಯ ‘ಶೋನೆನ್ ಜಂಪ್’ ಎಂಬ ವಾರಪತ್ರಿಕೆಯಲ್ಲಿ 2016ರ ಫೆಬ್ರವರಿಯಿಂದ 2020ರ ಮೇ ತಿಂಗಳವರೆಗೆ 205 ಕಂತುಗಳಾಗಿ ಬಂದ ಈ ಕಥೆ 23 ಪುಸ್ತಕಗಳಾಗಿ ಅಚ್ಚಾಗಿದೆ. ಗೊತೋಗೆಯವರು ತಮ್ಮ ಮುಖವನ್ನು ಲೋಕಕ್ಕೆ ತೋರಿದವರಲ್ಲ. ತಮ್ಮನ್ನು ಚಿತ್ರಿಸಿಕೊಳ್ಳಬೇಕಾದ ಕಡೆಯಲ್ಲಿ ಕನ್ನಡಕ ಹಾಕಿದ ಮೊಸಳೆಯೊಂದನ್ನು ಬರೆದಿಡುವರು.

ನಾವು ಈ ಚಿತ್ರಕಥೆಯ ಅಭಿಮಾನಿಗಳೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮದರಾಸಿನ ವಡಪಳನಿಯಿಂದ ಕನ್ನಡದಲ್ಲಿ ಹೊರಡುತ್ತಿದ್ದ ‘ಚಂದಮಾಮ’ವನ್ನೂ ‘ಅಮರ ಚಿತ್ರಕಥೆ’ಯನ್ನೂ ಓದಿ ಬೆಳೆದ ತಲೆಮಾರು ನಮ್ಮದು. ನಾವು ಇನ್ನೂ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ನಮ್ಮ ಸಪ್ಲೈಯರ್ ಹುಡುಗನೊಬ್ಬ ಈ ಪುಸ್ತಕಗಳನ್ನು ಒಂದೊಂದಾಗಿ ತಂದುಕೊಟ್ಟನು. ಜಪಾನೀ ಕ್ರಮದಂತೆ ಬಲದಿಂದ ಎಡಕ್ಕೆ ಓದಬೇಕು, ಭಾಷೆ ಇಂಗ್ಲಿಷು. ಆದರೂ ಎಸ್.ಎಸ್.ಎಲ್.ಸಿ.ಯ ಇಂಗ್ಲಿಷು ಅದಕ್ಕೆ ಸಾಕಾಯಿತು. ಅಲ್ಲಿ ಮಾತು ಕಡಿಮೆ, ಚಿತ್ರ ಹೆಚ್ಚು. 23 ಪುಸ್ತಕಗಳನ್ನೂ ಓದಿದೆವು; ಕೆಲವನ್ನು ಎರಡೆರಡು ಸಲ ಓದಿದೆವು. ಆದುದರಿಂದ ಇಲ್ಲಿ ಬರೆದಿರುವುದು ಪುಸ್ತಕವನ್ನು ಮೆಚ್ಚಿದವನು ಚಿತ್ರವನ್ನು ನೋಡಿ ಹೇಳಿದ ಅಭಿಪ್ರಾಯ. ಕಥೆಯನ್ನು ಮುಂದಾಗಿ ತಿಳಿಯಲು ಇಷ್ಟಪಡದವರು ಇಲ್ಲಿಗೆ ನಿಲ್ಲಿಸಿ, ಚಿತ್ರವನ್ನು ನೋಡಿ ಬಂದು ಮುಂದಕ್ಕೆ ಓದಬಹುದು.

ಕಥೆಯ ನಾಯಕನಾದ ತಾಂಜಿರೋ ರಾಜಕುಮಾರನಲ್ಲ. ಬೆಟ್ಟದ ಮೇಲೆ ಇದ್ದಿಲು ಸುಟ್ಟು ಕೆಳಗಿನ ಊರಿಗೆ ಹೊತ್ತು ಮಾರುವ ಬಡ ಹುಡುಗ. ತಂದೆ ತೀರಿಕೊಂಡಿರುವನು, ತಾಯಿ ಇರುವಳು, ಅವನ ಬೆನ್ನಿಗೆ ಹುಟ್ಟಿದವರು ಐವರಿರುವರು. ಹಿಮ ಸುರಿಯುವ ದಿನವೂ ಮನೆಯವರ ಹೊಟ್ಟೆಗಾಗಿ ಇದ್ದಿಲು ಹೊತ್ತು ಬೆಟ್ಟವಿಳಿದವನು ಮರುದಿನ ಹಿಂದಿರುಗಿದಾಗ ಮನೆಯವರು ರಕ್ಕಸನ ಕೈಯಲ್ಲಿ ಹತರಾಗಿರುವರು. ಉಳಿದವಳು ತಂಗಿ ನೆಜುಕೊ ಒಬ್ಬಳೇ. ಅವಳೂ ರಕ್ಕಸಿಯಾಗಿ ಮಾರ್ಪಟ್ಟಿರುವಳು. ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡಬೇಕೆಂಬುದೇ ಅವನ ಬಾಳಿನ ಗುರಿ. ಸಹಿಸಲಾಗದ ನೋವು ಬಂದಾಗ ಅವನು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ ಒಂದೇ: ತಾನು ಹಿರಿಯ ಮಗ, ಆದುದರಿಂದ ತಾನು ತಾಳಿಕೊಳ್ಳಬಲ್ಲೆ ಎಂಬುದು. ಕುಂದಾಪುರದಿಂದಲೋ ಕಾರ್ಕಳದಿಂದಲೋ ಹದಿನೆಂಟನೆಯ ವಯಸ್ಸಿಗೆ ಬಸ್ಸು ಹತ್ತಿ ಬಂದು, ಲೋಟ ತೊಳೆಯುವ ಕೆಲಸದಿಂದ ಆರಂಭಿಸಿ, ತಂಗಿಯ ಮದುವೆ, ತಮ್ಮನ ಕಾಲೇಜಿನ ಫೀಸು, ತಾಯಿಯ ಔಷಧಿ ಎಂದು ತಿಂಗಳ ಸಂಬಳವನ್ನು ಹಂಚಿ ಕಳುಹಿಸುವ ನಮ್ಮ ಹುಡುಗರಿಗೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ. ಖಡ್ಗ, ರಕ್ಕಸ, ಮಾಯೆಯ ಕೋಟೆ, ಇವೆಲ್ಲ ಹೊರಗಿನ ವೇಷ. ಒಳಗಿರುವುದು ಮನೆಯ ಭಾರ ಹೊತ್ತ ಹಿರಿಯ ಮಗನ ಕಥೆ. ಅದು ಅವರಿಗೆ ಹಿಡಿಸಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಪುಸ್ತಕದಿಂದ ಮಾಡಿದ ಚಿತ್ರಕ್ಕೆ ಬೆಲೆ ಕಟ್ಟುವಾಗ ಅಭಿಮಾನಿಗಳಾದವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವರು. ಕೆಲವರು ಪುಸ್ತಕದ ಒಂದೊಂದು ಚೌಕವನ್ನೂ ಲೆಕ್ಕ ಹಾಕಿ, ಅದು ಬಂತೇ ಇದು ಬಿಟ್ಟುಹೋಯಿತೇ ಎಂದು ಸ್ಟಾಕು ತೆಗೆದಂತೆ ನೋಡುವರು. ಇನ್ನು ಕೆಲವರು ಬಣ್ಣಕ್ಕೂ ಬೆಳಕಿಗೂ ಮರುಳಾಗಿ, ಪುಸ್ತಕವನ್ನೇ ಮರೆತು ಚಪ್ಪಾಳೆ ತಟ್ಟುವರು. ನಮ್ಮ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಪುಸ್ತಕವನ್ನು ನಾವು ಯಾವ ಕಾರಣಕ್ಕಾಗಿ ಪ್ರೀತಿಸಿದೆವೋ ಆ ಕಾರಣ ತೆರೆಯ ಮೇಲೆ ಉಳಿದಿದೆಯೇ, ಇಲ್ಲವೇ?

ಚಿತ್ರದ ಹಿರಿಮೆಯನ್ನು ಮೊದಲು ಹೇಳೋಣ. ಪುಸ್ತಕದಲ್ಲಿ ಆ ಕೋಟೆ ಅಂಗೈಯಗಲದ ಚೌಕಗಳಲ್ಲಿ ಕಪ್ಪು ಗೆರೆಗಳ ಗೋಜಲಾಗಿ ಕಾಣುವುದು. ತೆರೆಯ ಮೇಲೆ ಅದೇ ಕೋಟೆ ಸಾವಿರ ದೀಪಗಳ ಬೆಳಕಿನಲ್ಲಿ ಮೇಲಕ್ಕೂ ಕೆಳಕ್ಕೂ ಹಬ್ಬಿ, ನೆಲವೇ ಗೋಡೆಯಾಗಿ ಗೋಡೆಯೇ ಮಾಡಾಗಿ ತಿರುಗುವಾಗ, ಕುಳಿತ ಕುರ್ಚಿಯನ್ನು ಭದ್ರವಾಗಿ ಹಿಡಿದುಕೊಳ್ಳುವಂತಾಗುವುದು. ಆ ಕೋಟೆಯ ಕೋಣೆಗಳನ್ನು ಸರಿಸುವವಳು ಬಿವಾ ಎಂಬ ತಂತಿವಾದ್ಯವನ್ನು ಮೀಟುವ ರಕ್ಕಸಿ. ಪುಸ್ತಕದಲ್ಲಿ ಆ ಮೀಟಿನ ಸದ್ದು ಬರಿಯ ಅಕ್ಷರ. ಚಿತ್ರದಲ್ಲಿ ಅದು ಕಿವಿಗೆ ಬಿದ್ದಾಗ ಮೈ ಜುಮ್ಮೆನ್ನುವುದು. ತಾಂಜಿರೋ ಖಡ್ಗ ಬೀಸಿದಾಗ ಏಳುವ ನೀರಿನ ಅಲೆಗಳನ್ನು ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳ ರೀತಿಯಲ್ಲಿ ಬರೆದಿರುವರು. ಯೂಕಿ ಕಾಜಿಯುರ, ಗೊ ಶೀನಾ ಎಂಬಿಬ್ಬರ ಸಂಗೀತವೂ ಮೆಚ್ಚತಕ್ಕದ್ದೇ. ಇದೇ ಸಂಸ್ಥೆ 2019ರಲ್ಲಿ ಈ ಕಥೆಯನ್ನು ಟೆಲಿವಿಷನ್ನಿಗೆ ತಂದ ಮೇಲೆಯೇ ಪುಸ್ತಕಕ್ಕೆ ದೊಡ್ಡ ಗಿರಾಕಿ ಕುದುರಿತು. 2020ರಲ್ಲಿ ಬಂದ ರೈಲಿನ ಕಥೆಯ ಚಿತ್ರವಂತೂ ಜಪಾನಿನಲ್ಲಿ ಅದುವರೆಗಿನ ಗಳಿಕೆಯ ದಾಖಲೆಯನ್ನೇ ಮುರಿಯಿತು. ಆ ಕೈಗಳ ಕಸುಬು ಇಲ್ಲಿಯೂ ಕುಂದಿಲ್ಲ.

ಇನ್ನು ಕೊರತೆಯ ಮಾತು. ಈ ಚಿತ್ರದಲ್ಲಿ ಮುಖ್ಯವಾಗಿ ಮೂರು ಕಾಳಗಗಳಿವೆ. ಅಕ್ಕನನ್ನು ಕೊಂದ ರಕ್ಕಸನೊಡನೆ ಶಿನೊಬು ಎಂಬ ಕೃಶಾಂಗಿಯ ಹೋರಾಟ. ರಕ್ಕಸನಾಗಿ ಹೋದ ತನ್ನ ಜೊತೆಯ ಶಿಷ್ಯನೊಡನೆ ಜೆನಿತ್ಸುವಿನ ಹೋರಾಟ. ಅಕಾಜಾ ಎಂಬ ಬಲಾಢ್ಯ ರಕ್ಕಸನೊಡನೆ ತಾಂಜಿರೋ ಮತ್ತು ಗಿಯೂ ಇವರ ಹೋರಾಟ. ಒಂದೊಂದರ ನಡುವೆಯೂ ಕಥೆ ನಿಂತು ಹಿಂದಿನ ಕಾಲಕ್ಕೆ ಹೋಗುವುದು. ಪುಸ್ತಕದಲ್ಲಿ ಇದು ತೊಡಕಲ್ಲ, ಏಕೆಂದರೆ ಮೂಲಕಥೆ ವಾರಕ್ಕೊಂದು ಕಂತಿನಂತೆ ಬಂದುದು. ಕತ್ತಿಯೆತ್ತಿದ ಕೈ ಎತ್ತಿದಂತೆಯೇ ಇರಲು, ಓದುಗನು ಒಂದು ವಾರ ತನ್ನ ಕೆಲಸ ನೋಡಿಕೊಂಡು, ಮುಂದಿನ ವಾರ ಹಳೆಯ ಕಥೆಯನ್ನು ಓದುತ್ತಿದ್ದನು. ಪುಸ್ತಕವಾಗಿ ಬಂದ ಮೇಲೆಯೂ ಬೇಕಾದಲ್ಲಿ ಮುಚ್ಚಿಟ್ಟು ಮಲಗಬಹುದಾಗಿತ್ತು. ಚಿತ್ರ ಮಾಡಿದವರು ಆ ಕಂತುಗಳನ್ನು ಹಾಗೆಯೇ ಒಂದಕ್ಕೊಂದು ಪೋಣಿಸಿದರೇ ಹೊರತು, ಅವುಗಳ ನಡುವೆ ಇದ್ದ ವಾರದ ಬಿಡುವಿಗೆ ಬದಲಾಗಿ ಏನನ್ನೂ ಇಡಲಿಲ್ಲ. ಆದುದರಿಂದ ಕಾಳಗ ಬಿಸಿಯೇರಿದಾಗಲೆಲ್ಲ ತಣ್ಣೀರು ಎರಚಿದಂತಾಗುವುದು. ಮತ್ತೆ ಬಿಸಿಯೇರಲು ಹೊತ್ತು ಹಿಡಿಯುವುದು. ಪುಸ್ತಕಕ್ಕೆ ನಿಷ್ಠರಾಗಿ ಉಳಿದುದೇ ಇಲ್ಲಿ ಚಿತ್ರಕ್ಕೆ ತೊಡಕಾಯಿತು. ಎಲ್ಲವನ್ನೂ ಇಟ್ಟುಕೊಂಡವರನ್ನು ಅಭಿಮಾನಿಗಳು ಹೊಗಳುವರು. ನಮಗಾದರೋ ಇಪ್ಪತ್ತು ನಿಮಿಷ ಕತ್ತರಿಸಿದ್ದರೆ ಚೆನ್ನಾಗಿತ್ತೆಂದು ತೋರಿತು.

ಆದರೆ ಅಕಾಜಾನ ಅಂತ್ಯಕ್ಕೆ ಬಂದಾಗ ನಮ್ಮ ಆಕ್ಷೇಪಣೆ ಮೌನವಾಯಿತೆಂದು ಒಪ್ಪಬೇಕು. ಈ ರಕ್ಕಸನು ಮನುಷ್ಯನಾಗಿದ್ದಾಗ ಹಾಕುಜಿ ಎಂಬ ಹೆಸರಿನ ಬಡ ಹುಡುಗ. ರೋಗಿಯಾದ ತಂದೆಯ ಔಷಧಿಗಾಗಿ ಕಳ್ಳತನ ಮಾಡಿ, ಸಿಕ್ಕಿಬಿದ್ದು, ಪೆಟ್ಟು ತಿಂದು, ತೋಳಿಗೆ ಕಳ್ಳನೆಂಬ ಗುರುತು ಹಾಕಿಸಿಕೊಂಡವನು. ತನ್ನ ನಿಮಿತ್ತ ಮಗ ಕಳ್ಳನಾಗುವುದನ್ನು ಸಹಿಸಲಾರದೆ ಆ ತಂದೆ ಪ್ರಾಣ ಕಳೆದುಕೊಳ್ಳುವನು. ಅನಂತರ ಗರಡಿಯ ಗುರುವೊಬ್ಬನು ಹಾಕುಜಿಯನ್ನು ಮನೆಗೆ ಕರೆತಂದು, ಕಾಯಿಲೆಯ ಮಗಳು ಕೊಯುಕಿಯನ್ನು ನೋಡಿಕೊಳ್ಳುವ ಕೆಲಸವನ್ನು ಒಪ್ಪಿಸುವನು. ಆ ಮನೆ ಅವನಿಗೆ ಮನೆಯಾಗಿ, ಆ ಹುಡುಗಿಯೊಡನೆ ಮದುವೆ ನಿಶ್ಚಯವಾದ ಹೊತ್ತಿಗೆ ವೈರಿಗಳು ಬಾವಿಗೆ ವಿಷ ಹಾಕುವರು. ಪುಸ್ತಕದಲ್ಲಿ ಈ ಭಾಗವನ್ನು ಓದುವಾಗ ನಾವು ಹಿಂದಿನ ಪುಟಗಳಿಗೆ ತಿರುಗಿ ನೋಡಿದ್ದುಂಟು. ಅಕಾಜಾ ಕಾಳಗಕ್ಕೆ ನಿಂತಾಗ ಕಾಲ ಬುಡದಲ್ಲಿ ಮೂಡುವ ಹಿಮಹೂವಿನ ಆಕಾರ ಆ ಹುಡುಗಿಯ ಮುಡಿಯ ಆಭರಣದ್ದು. ಅವನ ಪಟ್ಟುಗಳ ಹೆಸರುಗಳಲ್ಲಿ ಅವರಿಬ್ಬರೂ ಕೂಡಿ ನೋಡಬೇಕೆಂದಿದ್ದ ಬಾಣಬಿರುಸುಗಳು ಅಡಗಿವೆ. ಎಲ್ಲವನ್ನೂ ಮರೆತ ರಕ್ಕಸನ ಮೈ ಮಾತ್ರ ಏನನ್ನೂ ಮರೆತಿರಲಿಲ್ಲ. ಪುಸ್ತಕ ಇದನ್ನು ಸೂಕ್ಷ್ಮವಾಗಿ ಹೇಳಿತು. ಚಿತ್ರ ಅದಕ್ಕೆ ಬಣ್ಣ, ಧ್ವನಿ, ಅವಕಾಶಗಳನ್ನು ಕೊಟ್ಟು ಇನ್ನೂ ಆಳಕ್ಕೆ ಇಳಿಸಿತು. ಗೆಲ್ಲುವ ಶಕ್ತಿ ಉಳಿದಿದ್ದರೂ ಅವನು ತನ್ನ ಮುಷ್ಟಿಯನ್ನು ತನ್ನ ಮೇಲೆಯೇ ತಿರುಗಿಸಿಕೊಂಡು ನಗುವ ಗಳಿಗೆಯಲ್ಲಿ ಚಿತ್ರಮಂದಿರ ನಿಶ್ಶಬ್ದವಾಯಿತು. ನಮ್ಮ ಪ್ರಶ್ನೆಗೆ ಉತ್ತರ ಅಲ್ಲಿ ದೊರಕಿತು. ಪುಸ್ತಕವನ್ನು ಪ್ರೀತಿಸಿದ ಕಾರಣ ತೆರೆಯ ಮೇಲೆ ಉಳಿದಿದೆ.

ಇಲ್ಲಿಗೆ ವಿಮರ್ಶೆ ಮುಗಿಯಬಹುದಾಗಿತ್ತು. ಆದರೆ ಕನ್ನಡಿಗನಾದ ಅಭಿಮಾನಿಗೆ ಇನ್ನೊಂದು ಮಾತು ಉಳಿದಿದೆ. ಅದನ್ನು ಜಪಾನೀಯನಾಗಲಿ ತಮಿಳನಾಗಲಿ ಹೇಳಬೇಕಾದ ಅಗತ್ಯ ಬೀಳಲಾರದು.

ಚಿತ್ರಕಥೆಯ ಪುಸ್ತಕ ಮೌನವಾದುದು. ಅದರಲ್ಲಿ ಅಚ್ಚಾದ ಭಾಷೆ ಇಂಗ್ಲಿಷೇ ಆಗಿರಲಿ, ಓದುವವನ ಮನಸ್ಸಿನಲ್ಲಿ ಪಾತ್ರಗಳು ಅವನವನ ಭಾಷೆಯಲ್ಲಿಯೇ ಮಾತನಾಡುವುವು. ನೆಜುಕೊ ನಮ್ಮ ಮನಸ್ಸಿನಲ್ಲಿ ‘ಅಣ್ಣ’ ಎಂದೇ ಕರೆದಳು. ಹಾಕುಜಿಯ ತಂದೆ ಮಗನನ್ನು ‘ಮಗಾ’ ಎಂದೇ ಕರೆದನು. ನಮ್ಮ ಕುಂದಾಪುರದ ಹುಡುಗರ ಮನಸ್ಸಿನಲ್ಲಿ ಅವರು ಕುಂದಾಪುರದ ಕನ್ನಡವನ್ನೇ ಆಡಿದ್ದರೆ ಅದೂ ಸಹಜವೇ. ಯಾರ ಅಪ್ಪಣೆಯೂ ಇಲ್ಲದೆ, ಯಾರ ಖರ್ಚೂ ಇಲ್ಲದೆ ಓದುಗನೇ ಮಾಡಿಕೊಂಡ ಭಾಷಾಂತರ ಅದು. ಚಲಚ್ಚಿತ್ರ ಬಂದೊಡನೆ ಆ ಮೌನ ಮುರಿದುಹೋಗುವುದು. ಪಾತ್ರಗಳಿಗೆ ನಿಜವಾದ ಕಂಠ ಬರುವುದು. ಆ ಕಂಠ ಯಾವ ಭಾಷೆಯದೆಂಬ ಪ್ರಶ್ನೆ ಆಗ ಏಳುವುದು. ಈ ಚಿತ್ರ ಭಾರತದಲ್ಲಿ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಈ ಐದು ಭಾಷೆಗಳಲ್ಲಿ ಬಿಡುಗಡೆಯಾಯಿತು. ಕನ್ನಡದಲ್ಲಿ ಆಗಲಿಲ್ಲ. ಓದುವಾಗ ಕನ್ನಡ ಆಡಿದ ಪಾತ್ರಗಳು ನೋಡುವಾಗ ಕನ್ನಡವನ್ನು ಬಿಟ್ಟುಹೋದುವು.

ನಾವು ನೋಡಿದುದು ತಮಿಳಿನಲ್ಲಿ. ಅದರಲ್ಲಿ ದೂರುವಂತಹದು ಏನೂ ಇಲ್ಲ. ಧ್ವನಿ ಕೊಟ್ಟವರು ಶ್ರದ್ಧೆಯಿಂದ ಕೊಟ್ಟಿರುವರು. ತಮಿಳು ನಮಗೆ ಅನ್ನ ಕೊಟ್ಟ ಭಾಷೆ. ಗಿರಾಕಿಯೊಡನೆ, ತರಕಾರಿಯವನೊಡನೆ, ಮನೆಯ ಮಾಲಿಕನೊಡನೆ ನಾವು ದಿನವೆಲ್ಲ ಆಡುವುದು ಅದನ್ನೇ. ಆದುದರಿಂದ ಈ ಮಾತನ್ನು ಯಾರ ಮೇಲಿನ ಅಸೂಯೆಯಿಂದಲೂ ಹೇಳುತ್ತಿಲ್ಲ. ತಮಿಳರು ತಮ್ಮ ಮಕ್ಕಳಿಗೆ ತಮ್ಮ ಭಾಷೆಯಲ್ಲಿಯೇ ಈ ಕಥೆ ಸಿಗುವಂತೆ ಮಾಡಿಕೊಂಡರು, ತೆಲುಗರೂ ಮಾಡಿಕೊಂಡರು. ನಾವು ಮಾಡಿಕೊಳ್ಳಲಿಲ್ಲವೆಂಬುದೇ ದುಃಖ. ದಿನದ ಹದಿನಾಲ್ಕು ಗಂಟೆ ಅನ್ಯಭಾಷೆಯಲ್ಲಿ ದುಡಿದವನಿಗೆ ಅಳುವುದಕ್ಕೂ ನಗುವುದಕ್ಕೂ ಆದರೂ ತನ್ನ ಭಾಷೆ ಬೇಡವೆ?

ಕನ್ನಡಕ್ಕೆ ಡಬ್ಬಿಂಗ್ ತಂದರೆ ಕನ್ನಡ ಚಿತ್ರೋದ್ಯಮಕ್ಕೆ ಕೇಡೆಂದು ಹೇಳುವವರುಂಟು. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. 1960ರ ದಶಕದಲ್ಲಿ ಅ.ನ.ಕೃ. ಮೊದಲಾದ ಕನ್ನಡದ ಹಿರಿಯರು ಡಬ್ಬಿಂಗನ್ನು ವಿರೋಧಿಸಿದಾಗ ಕನ್ನಡ ಚಿತ್ರಗಳ ಸ್ಥಿತಿಯೇ ಬೇರೆಯಾಗಿತ್ತು. ಬಹುಪಾಲು ಕನ್ನಡ ಚಿತ್ರಗಳು ಆಗ ಇದೇ ಮದರಾಸಿನ ಕೋಡಂಬಾಕ್ಕದ ಸ್ಟುಡಿಯೋಗಳಲ್ಲಿ, ಪರರ ಮನೆಯಲ್ಲಿ ಬಾಡಿಗೆಗಿದ್ದವರಂತೆ ತಯಾರಾಗುತ್ತಿದ್ದುವು. ತೆಲುಗು ತಮಿಳು ಚಿತ್ರಗಳಿಗೆ ಕನ್ನಡದ ಮಾತು ಅಂಟಿಸಿ ಕಳುಹಿಸಿದರೆ ಕನ್ನಡದ ನಟನಿಗೂ ತಂತ್ರಜ್ಞನಿಗೂ ಕೆಲಸವೇ ಇಲ್ಲವಾಗುವುದೆಂಬ ಭಯ ಅಂದು ನಿಜವಾದುದೇ ಆಗಿತ್ತು. ಆ ವಿರೋಧದ ಫಲವಾಗಿ ಕನ್ನಡ ಚಿತ್ರ ತನ್ನ ಕಾಲಮೇಲೆ ನಿಂತಿತೆಂಬುದನ್ನೂ ಒಪ್ಪಬೇಕು. ಆದರೆ ಕಾಲ ಬದಲಾಗಿದೆ. ಡಬ್ಬಿಂಗ್ ಚಿತ್ರಗಳನ್ನು ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು 2015ರ ಜುಲೈಯಲ್ಲಿಯೇ ಭಾರತದ ಸ್ಪರ್ಧಾ ಆಯೋಗ ತೀರ್ಮಾನಿಸಿತು. ನಮ್ಮ ‘ಕೆ.ಜಿ.ಎಫ್.’ 2018ರಲ್ಲಿಯೂ, ಕರಾವಳಿಯ ಕಥೆಯಾದ ‘ಕಾಂತಾರ’ 2022ರಲ್ಲಿಯೂ ತಮಿಳು, ತೆಲುಗು, ಹಿಂದಿ, ಮಲಯಾಳಂ ಮಾತನಾಡಿ ದೇಶವನ್ನೆಲ್ಲ ಸುತ್ತಿ ಬಂದುವು. ನಮ್ಮ ಕಥೆ ಪರಭಾಷೆಯ ಮಾತಿನಲ್ಲಿ ಹೊರಗೆ ಹೋಗಬಹುದು, ಪರರ ಕಥೆ ನಮ್ಮ ಮಾತಿನಲ್ಲಿ ಒಳಗೆ ಬರಬಾರದು ಎಂಬ ನ್ಯಾಯ ಯಾವ ಊರಿನದು? ಅದರಲ್ಲಿಯೂ ಬೊಂಬೆ ಚಿತ್ರದಲ್ಲಿ ಮೂಲನಟನ ಮುಖವೇ ಇಲ್ಲ. ಕನ್ನಡದ ನಟನ ಅನ್ನವನ್ನು ಕಸಿಯುವ ಬದಲು ಕನ್ನಡದ ಕಂಠಕ್ಕೆ ಅದು ಕೆಲಸ ಕೊಡುವುದು.

ಪರದೇಶದ ಕಥೆ ಕನ್ನಡದಲ್ಲಿ ಬಂದರೆ ನಮ್ಮದು ಬಾಡುವುದೆಂಬ ಶಂಕೆಗೆ ಚಿತ್ರಕಥೆಯ ಚರಿತ್ರೆಯೇ ಉತ್ತರ ಹೇಳುವುದು. ‘ಅಮರ ಚಿತ್ರಕಥೆ’ ಮೊದಲು ಕಣ್ತೆರೆದುದು 1965ರಲ್ಲಿ ಬೆಂಗಳೂರಿನಲ್ಲಿ, ಕನ್ನಡದಲ್ಲಿ. ಪುಸ್ತಕ ವ್ಯಾಪಾರಿಯಾಗಿದ್ದ ಜಿ. ಕೆ. ಅನಂತರಾಂ ಅವರ ಯೋಚನೆಯಂತೆ ಆಗ ಬಂದ ಮೊದಲ ಹತ್ತು ಪುಸ್ತಕಗಳು ರಾಮಾಯಣವೂ ಅಲ್ಲ, ಮಹಾಭಾರತವೂ ಅಲ್ಲ. ಸಿಂಡರೆಲ್ಲಾ ಮೊದಲಾದ ಪಾಶ್ಚಾತ್ಯ ಕಥೆಗಳು. ಕನ್ನಡದ ಮಕ್ಕಳು ಅವುಗಳನ್ನು ಕೊಂಡು ಓದಿದರು. ಇಂತಹ ಪುಸ್ತಕಕ್ಕೆ ಗಿರಾಕಿ ಉಂಟೆಂಬ ಧೈರ್ಯ ಅದರಿಂದ ಬಂದಿತು. ಮುಂದೆ ಕಾರ್ಕಳದವರಾದ ಅನಂತ ಪೈಯವರ ಸಂಪಾದಕತ್ವದಲ್ಲಿ ‘ಕೃಷ್ಣ’ನಿಂದ ಆರಂಭವಾಗಿ ನಮ್ಮ ಪುರಾಣ ಚರಿತ್ರೆಗಳೆಲ್ಲ ಚಿತ್ರಕಥೆಗಳಾದುವು. ಪರರ ಕಥೆ ನಮ್ಮ ಮಾತಿನಲ್ಲಿ ಬಂದು ನೆಲವನ್ನು ಹದಗೊಳಿಸಿತು. ನಮ್ಮ ಕಥೆ ಆ ನೆಲದಲ್ಲಿ ಬೆಳೆಯಿತು. ಇಂದು ಹತ್ತು ವರ್ಷದ ಕನ್ನಡದ ಬಾಲಕ ತಾಂಜಿರೋವಿನ ಕಥೆಯನ್ನು ಕನ್ನಡದಲ್ಲಿ ಕೇಳಿ ಬೆಳೆದರೆ, ಇಪ್ಪತ್ತು ವರ್ಷಗಳ ಮೇಲೆ ಅವನೇ ಕೋಟಿ ಚೆನ್ನಯರ ಕಥೆಯನ್ನು ಹಾಗೆ ಚಿತ್ರಿಸಬಲ್ಲನು. ಅದನ್ನು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಕೇಳಿ ಬೆಳೆದವನು ಅದೇ ಭಾಷೆಯಲ್ಲಿ ಕನಸು ಕಾಣುವನು.

ಹಾಗಾದರೆ ಏಕೆ ಬರಲಿಲ್ಲ? ವ್ಯಾಪಾರ ಮಾಡಿದವನಾಗಿ ನಮಗೆ ತೋರುವ ಕಾರಣ ಸರಳವಾದುದು. ಬೇಡಿಕೆ ಕಾಣದ ತಿಂಡಿಯನ್ನು ಯಾವ ಹೋಟೆಲಿನವನೂ ಮಾಡಿಡುವುದಿಲ್ಲ. ಮಣಲಿಯ ನಮ್ಮ ಹುಡುಗ ಕೊಂಡ ಟಿಕೇಟು ತಮಿಳಿನ ಲೆಕ್ಕಕ್ಕೆ ಬಿತ್ತು. ಹೈದರಾಬಾದಿನ ಕನ್ನಡಿಗನದು ತೆಲುಗಿನ ಲೆಕ್ಕಕ್ಕೂ ಮುಂಬಯಿಯವನದು ಹಿಂದಿಯ ಲೆಕ್ಕಕ್ಕೂ ಬಿದ್ದಿರಬೇಕು. ಹಂಚಿಕೆದಾರರ ಖಾತೆಯಲ್ಲಿ ಕನ್ನಡದ ಪುಟ ಬರಿದಾಗಿಯೇ ಉಳಿಯಿತು. ಕೇಳಿದರೆ ಕೊಡುವರೆಂಬುದಕ್ಕೆ ನಿದರ್ಶನ ಅದೇ ವರ್ಷದಲ್ಲಿದೆ. 2025ರ ಜುಲೈ 25ರಂದು ಬಿಡುಗಡೆಯ ದಿನವೇ ‘ಮಹಾವತಾರ ನರಸಿಂಹ’ ಎಂಬ ಬೊಂಬೆ ಚಿತ್ರ ಇತರ ಭಾಷೆಗಳೊಡನೆ ಕನ್ನಡದಲ್ಲಿಯೂ ಬಂದಿತು. ಅದನ್ನು ಅರ್ಪಿಸಿದವರು ಬೆಂಗಳೂರಿನವರೇ. ಬೊಂಬೆ ಚಿತ್ರಕ್ಕೆ ಕನ್ನಡದ ಕಂಠ ಕೂಡಿಸುವುದು ಆಗದ ಕೆಲಸವಲ್ಲವೆಂದು ಇದರಿಂದ ಸಿದ್ಧವಾಯಿತು.

ಮಣಲಿಯ ಚಿತ್ರಮಂದಿರದಲ್ಲಿ ಕನ್ನಡದ ಆಟ ನಡೆಯುವುದೆಂಬ ಹಗಲುಗನಸನ್ನು ನಾವು ಕಾಣುತ್ತಿಲ್ಲ. ಆದರೆ ಒಮ್ಮೆ ಕನ್ನಡದ ಧ್ವನಿ ಸಿದ್ಧವಾದರೆ ಅದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಚಿತ್ರಮಂದಿರಗಳಿಗೆ ಸಲ್ಲುವುದು. ಅನಂತರ ಫೋನಿನ ಮೂಲಕ ಮಾಳಿಗೆಯ ಕೊಠಡಿಯ ನಮ್ಮ ಹುಡುಗನಿಗೂ ತಲಪಬಹುದು. ಈ ಕಥೆಯ ಉಳಿದ ಭಾಗಗಳಿಗಾದರೂ ಕನ್ನಡದ ಧ್ವನಿ ಬೇಕೆಂದು ಕೇಳಲು ಇದೇ ತಕ್ಕ ಸಮಯ. ನಮ್ಮ ವಾಚಕರಲ್ಲಿ ಈ ಚಿತ್ರವನ್ನು ಮೆಚ್ಚಿದವರು ಹಂಚಿಕೆದಾರರಿಗೆ ಎರಡು ಸಾಲು ಬರೆಯಲಿ. ಒಬ್ಬೊಬ್ಬರಾಗಿ ಬರೆಯುವುದಕ್ಕಿಂತ ಒಂದು ಹೋಟೆಲಿನ, ಒಂದು ಆಫೀಸಿನ ಕನ್ನಡಿಗರೆಲ್ಲ ಕೂಡಿ ಸಹಿ ಹಾಕಿ ಬರೆದರೆ ಇನ್ನೂ ಲೇಸು. ಕನ್ನಡ ಸಂಘಗಳವರು ರಾಜ್ಯೋತ್ಸವದ ದಿನ ಹಾರ ತುರಾಯಿಗಳಿಗೆ ಮಾಡುವ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಕನ್ನಡದಲ್ಲಿ ಬಂದಿರುವ ಇಂತಹ ಚಿತ್ರವೊಂದನ್ನು ನಮ್ಮ ಹುಡುಗರಿಗೂ ಮಕ್ಕಳಿಗೂ ತೋರಿಸುವ ಏರ್ಪಾಡು ಮಾಡಲಿ. ಹೋಟೆಲಿನ ಯಜಮಾನರಲ್ಲಿ ನಮ್ಮದೊಂದು ವಿನಂತಿ: ಕೆಲಸದ ಹುಡುಗನು ಚಿತ್ರಕಥೆ ಓದುವುದನ್ನು ಕಂಡು ಗದರಿಸಬೇಡಿರಿ, ಕಥೆ ಏನಪ್ಪಾ ಎಂದು ಅವನನ್ನೇ ಕೇಳಿರಿ. ಅವನು ಅದನ್ನು ಕನ್ನಡದಲ್ಲಿಯೇ ಹೇಳುವನು.